ಎಣ್ಣೆ ಸವರಿದ ಕೈ

ಹಳದಿ ದ್ರಾವಣ, ತಿಳಿಹಸಿರು ದ್ರಾವಣ,
ಮೇಲಿಂದ ಅಮೋನಿಯ, ಒಂದೊಂದೇ ಹನಿ.
ಕಣ್ಣು ಉರಿದು ಮುಖ ತಿರುಗಿಸಿ
ಮತ್ತೆ ನೋಡುವಷ್ಟರಲ್ಲಿ ಬೀಕರಿನ ತುಂಬ ಕಪ್ಪು.
ಅಡಿಗೆ ಕಾಂತ ಹಿಡಿದರೆ ಸಾಕು,
ಊಟಕ್ಕೆ ಕರೆದ ಹಾಗೆ ಎಲ್ಲವೂ ಒಂದೇ ಮೂಲೆಗೆ.

ಹದಿನಾಲ್ಕು ಸಲ ಮಾಡಿದ್ದೇನೆ.
ಹದಿನಾಲ್ಕು ಸಲವೂ ಬೆಳಗಾಗುವುದರೊಳಗೆ ಗಂಟು,
ಹಿಟ್ಟು ಹದವಾಗಿ ಕದಡದ ಅಂಬಲಿಯ ಹಾಗೆ.
"ಈ ಗಂಟು ರಕ್ತನಾಳಕ್ಕೆ ಹೋದರೆ
ನೋಡಲು ಹೋದವರೇ ಕೊಂದು ಬರುತ್ತೇವೆ" ಎಂದರು ಮೇಡಂ,
ನನ್ನ ಕಡೆ ನೋಡದೆ, ಚಹಾದ ಲೋಟದೊಳಗೆ ನೋಡುತ್ತ.

ಗಾಜು ತೊಳೆಯುವ ಕದರಮ್ಮ
ಆರು ವರ್ಷ ಚಿಕ್ಕನಾಯಕನಹಳ್ಳಿ ಕಡೆಯ ಗಣಿಯಲ್ಲಿ
ಅದಿರು ಜರಡಿ ಹಿಡಿದವಳು.
"ಕಬ್ಬಿಣ ನಂಗೊತ್ತು ಕಣವ್ವ.
ಸೆರಗು ಒಗೆದ್ರೆ ಮೂರು ನೀರಿಗೂ ಕೆಂಪು ಬಿಡೋದು.
ಕೆಮ್ಮಿದ್ರೂ ಕೆಂಪು.
ನೀನ್ಯಾಕೆ ಅದನ್ನ ಬೇಕಂತ ಮೈಯೊಳಕ್ಕೆ ಬಿಡ್ತೀಯ?"

ಹೇಳಿದೆ. ದೊಡ್ಡ ಕಾಂತದ ಸುರಂಗದಲ್ಲಿ ಮಲಗಿದರೆ
ಮೈಯೊಳಗಿನ ನೀರು ಮಾತಾಡುತ್ತದೆ,
ಯಂತ್ರ ಕೇಳಿಸಿಕೊಂಡು ಚಿತ್ರ ಬರೆಯುತ್ತದೆ.
ಈ ಕಣ ಇದ್ದಲ್ಲಿ ನೀರಿನ ತಾಳ ತಪ್ಪಿ
ಬೇಗ ಸುಮ್ಮನಾಗುತ್ತದೆ; ಚಿತ್ರದಲ್ಲಿ ಅಲ್ಲಿ ಕತ್ತಲು.
ಚೆನ್ನಾಗಿರುವ ಲಿವರ್ ಇವನ್ನು ಹೆಕ್ಕಿ ನುಂಗಿ ಕಪ್ಪಾಗುತ್ತದೆ.
ಗೆಡ್ಡೆಗೆ ಹೆಕ್ಕಲು ಬಾರದು,
ಅದೊಂದೇ ಬೆಳ್ಳಗೆ ಉಳಿದು ಸಿಕ್ಕಿಬೀಳುತ್ತದೆ.

"ಈಲಿ ಕಪ್ಪಾದ್ರೆ ಒಳ್ಳೇದಾ?" ಅಂದಳು,
ಬೀಕರಿನ ತಳ ಉಜ್ಜುತ್ತಲೇ.
"ಒಂದಕ್ಕೊಂದು ಅಂಟೋದು ತಾನೆ ನಿನ್ನ ಕಷ್ಟ?
ಚೇಳೂರಲ್ಲಿ ನಮ್ಮಕ್ಕ ಹಲಸು ಬಿಡಿಸಿ ಮಾರ್ತಾಳೆ.
ಎಣ್ಣೆ ಸವರದೆ ಹಣ್ಣು ಮುಟ್ಟಲ್ಲ ಅವಳು.
ಮೇಣ ಹತ್ತಿದ್ಮೇಲೆ ಸವರೋಕೋದ್ರೆ
ಅರ್ಧ ದಿನ ತಿಕ್ಕಬೇಕು."

ನಾನು ಇಷ್ಟು ದಿನ ಮಾಡಿದ್ದು ಅದೇ:
ಕಪ್ಪು ಹುಟ್ಟಿ, ತೊಳೆದು,
ಒಂದನ್ನೊಂದು ತಬ್ಬಿ ಮಲಗಿದ ಮೇಲೆ
ಪಾಲಿಮರ್ ಹೊದಿಸಲು ಹೋಗುತ್ತಿದ್ದೆ.
ಓದಿರದ ಮಾತಲ್ಲ ಇದು.
ಮೂರು ಪ್ರಬಂಧಗಳಲ್ಲಿ ಹಳದಿ ಗೆರೆ ಎಳೆದಿಟ್ಟಿದ್ದೆ.
ಗೆರೆ ಎಳೆದದ್ದಕ್ಕೇ ಗೊತ್ತಾಯಿತು ಅಂದುಕೊಂಡಿದ್ದೆ.

ಹದಿನೈದನೆಯ ಸಲ
ಮೊದಲು ಡೆಕ್ಸ್‌ಟ್ರಾನ್,
ಸಕ್ಕರೆಗೆ ಸಕ್ಕರೆ ಕೈಕೊಟ್ಟು ನಿಂತ ಉದ್ದನೆಯ ಎಳೆ.
ಅದು ನೀರಲ್ಲಿ ಕಾದಿರುವಾಗಲೇ ಕಬ್ಬಿಣ, ಆಮೇಲೆ ಹನಿ.
ಹುಟ್ಟುವ ಗಳಿಗೆಗೇ ಹೊದಿಕೆ.

ಬೆಳಗ್ಗೆ ಬಂದರೆ ತಳ ಖಾಲಿ.
ಮೇಲಿಂದ ಕೆಳತನಕ ಒಂದೇ ಸಮ, ಗಟ್ಟಿ ಡಿಕಾಕ್ಷನ್ನಿನ ಬಣ್ಣ.
ಕಾಂತ ಹಿಡಿದೆ, ಬಂದವು, ಅದೂ ಬೇಸರದಿಂದ.
ತೆಗೆದೆ.
ಕರೆದದ್ದನ್ನೇ ಮರೆತು ಚದುರಿದವು.
ನೆನಪು ನಿಲ್ಲದಷ್ಟು ಸಣ್ಣವು.

ತುಮಕೂರಿನ ಬಿ.ಎಚ್. ರಸ್ತೆಯ ಸ್ಕ್ಯಾನ್ ಸೆಂಟರಿನಲ್ಲಿ
ನಯಾಜ್ ಪಾಷ ರಾತ್ರಿ ಒಂದರ ಮೇಲೆ ಯಂತ್ರ ಬಿಟ್ಟುಕೊಟ್ಟ.
ತಲೆ ಇಡುವ ಜಾಗದಲ್ಲಿ ಎಂಟು ಟ್ಯೂಬು.
ಗಾಜಿನಾಚೆಯಿಂದ ಮೈಕಿನಲ್ಲಿ, ಅಭ್ಯಾಸಬಲ:
"ಅಲ್ಲಾಡಬೇಡಿ. ಉಸಿರು ಬಿಗಿ ಹಿಡೀರಿ."
ಟ್ಯೂಬುಗಳು ಅಲ್ಲಾಡಲಿಲ್ಲ.
ಉಸಿರು ಹಿಡಿದವಳು ನಾನು.

ಪರದೆಯ ಮೇಲೆ ಎಂಟು ಬಿಲ್ಲೆ.
ಮೊದಲನೆಯದು ಹಾಲು,
ನಡುವೆ ಬೂದಿಯ ಬಗೆಬಗೆ,
ಕೊನೆಯದು ಹಗ್ಗ ಇಳಿಬಿಡಬಹುದಾದ ಬಾವಿ.

ಮಾರನೆಯ ದಿನ ಫೋನಿನಲ್ಲಿ ತೋರಿಸಿದೆ.
ಕೈ ಒರೆಸಿಕೊಂಡು, ದೂರ ಹಿಡಿದು ನೋಡಿದಳು.
"ಕೆಲಸ ಮುಗಿದ್ಮೇಲೆ ಇವು ಎಲ್ಲಿಗೆ ಹೋಗ್ತವೆ?"
ಈಲಿಯೇ ನಿಧಾನ ಕರಗಿಸುತ್ತದೆ ಅಂದೆ,
ಕಬ್ಬಿಣ ರಕ್ತಕ್ಕೆ ಸೇರುತ್ತದೆ.

ಸ್ವಲ್ಪ ಹೊತ್ತು ನಲ್ಲಿಯದೇ ಸದ್ದು.
"ಗಣಿ ಬಿಟ್ಟ ವರ್ಷ ನಂಗೆ ರಕ್ತ ಕಮ್ಮಿ ಅಂದ್ರು.
ಕಬ್ಬಿಣದ ಮಾತ್ರೆ ಬರೆದುಕೊಟ್ರು.
ಆರು ವರ್ಷ ಮೂಗಲ್ಲಿ ಎಳಕೊಂಡಿದ್ದು
ಒಂದು ಚೂರೂ ಸೇರಿರಲಿಲ್ಲ ನೋಡು."

ಆಮೇಲೆ, ಆ ಹದಿನಾಲ್ಕು ಬಾಟಲು ಚೆಲ್ಲಲಾ ಅಂದಳು.
ಒಂದನ್ನು ಇಟ್ಟುಕೊಂಡೆ.